ನನ್ನ ಹಲ್ಲಿನ ಪ್ಲೇಟು, ನಮ್ಮಜ್ಜಿಯ ಮಡಿ

ಸ್ವಲ್ಪ ತಾಳಿ. ಹಲ್ಲಿನ ವಿಷಯ ಅಂತ ಪುಟ ತಿರುವಿಬಿಡಬೇಡಿ, ನಮ್ಮಜ್ಜಿ ಬರೋವರೆಗಾದ್ರೂ ಕಾಯಿರಿ. ಅಜ್ಜಿ ಬಂದ ಮೇಲೆ ನಾನು ಹೋಗಿ ಅಂದ್ರೂ ನೀವು ಹೋಗಲ್ಲ.

ಮೊದಲು ನನ್ನ ಬಾಯಿ ಕತೆ. ಮೇಲಿನ ನಾಲ್ಕು ಹಲ್ಲು ಮುಂದಕ್ಕೆ ಉಬ್ಬಿದ್ವು. ತೆಂಗಿನಕಾಯಿ ತುರಿಯೋಕೆ ತುರಿಮಣೆ ಯಾಕೆ, ಇವನನ್ನೇ ಕೂರಿಸಿದ್ರೆ ಆಯ್ತು ಅಂತ ನಮ್ಮಕ್ಕ ಆಡ್ಕೋತಿದ್ಲು. ಅದರ ಬಗ್ಗೆ ನನಗೇನೂ ಬೇಜಾರಿರ್ಲಿಲ್ಲ. ಬೇಜಾರಾಗಿದ್ದು ಕೊಳಲಿನ ಮೇಷ್ಟ್ರ ಹತ್ರ ಹೋದಾಗ. ಮಾಲೂರಿಂದ ಕೋಲಾರಕ್ಕೆ ಹೋಗಿ, ವೀಳ್ಯದೆಲೆ ಅಡಿಕೆ ಕೊಟ್ಟು, ಕಾಲಿಗೆ ಬಿದ್ದು, ಕೊಳಲು ಕಲಿಸಿ ಅಂದೆ. ಅವರು ಊದಿಸಿ ನೋಡಿದ್ರು. ಬುಸ್ ಅಂತು.

"ಏನಯ್ಯಾ, ತುಟಿ ಮುಚ್ಚಲ್ವಲ್ಲ ನಿಂಗೆ! ಗಾಳಿಯೆಲ್ಲ ಪಕ್ಕದಲ್ಲಿ ಸೋರ್ತದೆ. ಮೊದಲು ಬಾಯಿ ಮುಚ್ಚೋಕೆ ಕಲ್ತು ಬಾ, ಆಮೇಲೆ ಊದೋದು ನಾನು ಹೇಳ್ಕೊಡ್ತೀನಿ."

ಬಾಯಿ ಮುಚ್ಚೋಕೆ ಹೇಳ್ಕೊಡೋರು ಎಲ್ಲಿದಾರೆ ಹೇಳಿ? ಇದ್ರು. ನಮ್ಮ ಚಿಕ್ಕಪ್ಪ ಬೆಂಗಳೂರು ದಂಡಿನಲ್ಲಿ ಒಬ್ಬ ಹಲ್ಲಿನ ಡಾಕ್ಟ್ರ ಹತ್ರ ಕಾಂಪೌಂಡರು. ಆ ಡಾಕ್ಟ್ರು ಇಂಗ್ಲೆಂಡ್ ಸೀಮೆಗೆ ಹೋಗಿ, ಹಲ್ಲಿಗೆ ತಂತಿ ಬಿಗಿದು ಸಾಲಾಗಿ ನಿಲ್ಲಿಸೋ ವಿದ್ಯೆ ಕಲ್ತು ಬಂದಿದ್ರು. ವಿದ್ಯೆ ಇತ್ತು, ತಂತಿ ಇತ್ತು, ಬಿಗಿಸ್ಕೊಳ್ಳೋರು ಮಾತ್ರ ಇರ್ಲಿಲ್ಲ. ಚಿಕ್ಕಪ್ಪ ನನ್ನ ನೆನೆಸ್ಕೊಂಡ್ರು.

ಒಂದೂವರೆ ವರ್ಷ ತಂತಿ. ತಿಂಗಳಿಗೊಂದ್ಸಲ ರೈಲಲ್ಲಿ ಹೋಗಿ ಬಿಗಿ ಮಾಡಿಸ್ಕೊಂಡು ಬರೋದು. ಡಬ್ಬಿಯಲ್ಲಿ ಕೂತೋರೆಲ್ಲ ನನ್ನ ಬಾಯೊಳಗೆ ಬಗ್ಗಿ ನೋಡೋರು. ಇಟ್ಟಿಗೆ ಗೂಡಿನ ಗೆಳೆಯ ಒಬ್ಬ ಕೇಳಿದ, "ಏನ್ಲಾ, ಎತ್ತಿನ ಕಾಲಿಗೆ ಹೊಡೆಸೋ ಲಾಳನ ಬಾಯಿಗೆ ಹೊಡೆಸ್ಕೊಂಡ್ಯಾ?"

ತಂತಿ ಇದ್ದಾಗ ಗಟ್ಟಿ ಪದಾರ್ಥ ಅಗಿಯಬೇಡ ಅಂತ ಡಾಕ್ಟ್ರು ದೊಡ್ಡ ಪಥ್ಯ ಹೇಳಿದ್ರು. ಅವರಿಗೇನು ಗೊತ್ತು, ನಮ್ಮ ಕಡೆ ರಾಗಿಮುದ್ದೆ ಅಗಿಯೋದೇ ತಪ್ಪು, ನುಂಗ್ಬೇಕು. ತಂತಿ ಕಟ್ಟಿಸ್ಕೊಂಡೋರಿಗೆ ಅಂತಲೇ ಯಾರೋ ಪುಣ್ಯಾತ್ಮರು ಮಾಡಿಟ್ಟಿರೋ ಊಟ ಅದು. ಸೊಪ್ಪಿನ ಸಾರು ಮಾತ್ರ ಬೇಡ. ದಂಟಿನ ಸೊಪ್ಪು ತಂತಿಗೆ ಸುತ್ಕೊಂಡ್ರೆ ಬಿಡಿಸೋಕೆ ಸೂಜಿ, ಕನ್ನಡಿ, ಬಿಸಿಲು ಮೂರೂ ಬೇಕು.

ಅಂತೂ ತಂತಿ ಬಿಚ್ಚಿದ್ರು. ತುಟಿ ಮುಚ್ತು! ರೈಲಲ್ಲಿ ಮಾಲೂರು ಬರೋವರೆಗೂ ನಾನು ಬಾಯಿ ತೆಗೀಲಿಲ್ಲ, ಅಷ್ಟು ಖುಷಿ. ಆದ್ರೆ ಬಿಚ್ಚೋವಾಗ ಡಾಕ್ಟ್ರು ಇನ್ನೊಂದು ಸಾಮಾನು ಕೊಟ್ರು. ಅಂಗುಳಕ್ಕೆ ಅಂಟ್ಕೊಳ್ಳೋ ಕೆಂಪು ರಬ್ಬರಿನ ಗಟ್ಟಿ ಬಿಲ್ಲೆ, ಅದರ ಮುಂದೆ ಹಲ್ಲನ್ನ ತಡೆದು ನಿಲ್ಲಿಸೋ ಒಂದು ತಂತಿ. ಅದಕ್ಕೆ ಪ್ಲೇಟು ಅಂತಾರೆ. "ಹಲ್ಲಿಗೆ ಹಳೇ ಜಾಗ ಮರ್ತಿರಲ್ಲ. ಒಂದು ವರ್ಷ ಇದನ್ನ ಹಾಕ್ಕೊಳ್ಳದಿದ್ರೆ ವಾಪಸ್ ಹೊರಡ್ತವೆ" ಅಂದ್ರು. ಊಟಕ್ಕೆ ತೆಗೀಬೇಕು, ತಣ್ಣೀರಲ್ಲಿ ಸೋಪು ಹಾಕಿ ಬ್ರಷ್ಷಿಂದ ಉಜ್ಜಬೇಕು, ಬಾಯಲ್ಲಿ ಇಲ್ಲದಾಗ ನೀರಲ್ಲಿ ಇಡಬೇಕು, ಬಿಸಿ ತಾಕಿಸಬಾರದು. ಇಷ್ಟೇ. ಇದನ್ನ ಯಾರು ಬೇಕಾದ್ರೂ ಮಾಡಬಹುದು, ಮನೇಲಿ ನಮ್ಮಜ್ಜಿ ಇಲ್ಲದಿದ್ರೆ.

ಈಗ ಅಜ್ಜಿ ಬಂತು ನೋಡಿ. ಅಜ್ಜಿ ತವರು ಮುಳಬಾಗಿಲ ಕಡೆ ಬೈರಕೂರು. ಶಾಂತವಾಗಿದ್ರೆ ಕನ್ನಡ, ಸಿಟ್ಟು ಬಂದ್ರೆ ತೆಲುಗು. ಮೊದಲನೇ ದಿನ ಊಟಕ್ಕೆ ಕೂತು, ಎಲೆ ಮುಂದೆ ಬಾಯಿಂದ ಪ್ಲೇಟು ತೆಗೆದೆ.

"ಎಂಗಿಲಿ! ಎಂಗಿಲಿ! ಅದೇನೋ ಅದು, ಬಾಯಲ್ಲಿರೋದನ್ನ ಆಚೆ ತೆಗೀತೀಯಾ?"

"ಊಟ ಆದ್ಮೇಲೆ ತಿರುಗಾ ಹಾಕ್ಕೋತೀನಿ ಅಜ್ಜಿ."

ಅದು ಇನ್ನೂ ಕೆಟ್ಟದಾಯ್ತು. ಒಂದ್ಸಲ ಬಾಯಿಂದ ಆಚೆ ಬಂದಿದ್ದು ಎಂಜಲು. ಎಂಜಲನ್ನ ತಿರುಗಾ ಬಾಯಿಗೆ ಹಾಕೋದು ನಾಯಿ ಕೂಡ ಯೋಚನೆ ಮಾಡಿ ಮಾಡ್ತದೆ ಅಂತ ಅಜ್ಜಿ ಲೆಕ್ಕ. ಅವತ್ತಿಂದ ಕಾನೂನು ಬಂತು: ಪ್ಲೇಟು ಅಡಿಗೆಮನೆ, ನಡುಮನೆ, ದೇವರ ಗೂಡು ಯಾವುದರ ಹತ್ರಾನೂ ಸುಳೀಬಾರದು. ಲೋಟ ಕೇಳಿದೆ, ಕೊಡಲಿಲ್ಲ. ಕೊನೆಗೆ ಒಂದು ತೆಂಗಿನ ಕರಟ ಮಂಜೂರಾಯ್ತು. ಹಿತ್ತಲ ಗೋಡೆ ಮೇಲೆ ಕರಟ, ಅದರಲ್ಲಿ ನೀರು, ನೀರಲ್ಲಿ ಪ್ಲೇಟು. ತಂತಿ ಹೊಳೆಯೋದು ನೋಡಿ ಕಾಗೆ ಬಂತು. ಮೇಲೆ ಒಂದು ಇಟ್ಟಿಗೆ ಮುಚ್ಚಿದೆ. ಮಾಲೂರಲ್ಲಿ ಇಟ್ಟಿಗೆಗೇನು ಬರ.

ಬ್ರಷ್ಷಿನ ಜಗಳ ಬೇರೆ.

"ಅದೇನು ಕಡ್ಡೀನೋ?"

"ಪ್ಲೇಟು ಉಜ್ಜೋ ಬ್ರಷ್ಷು."

"ಉಜ್ಜಿ ಎಸೀತೀಯಾ?"

"ಯಾಕೆ ಎಸೀಲಿ? ನಾಳೆನೂ ಬೇಕಲ್ಲ."

"ಅಂದ್ರೆ ಇವತ್ತಿನ ಎಂಜಲನ್ನ ನಾಳೆಗೆ ಎತ್ತಿಡ್ತೀಯಾ! ನಾನು ಬೇವಿನಕಡ್ಡೀಲಿ ಉಜ್ಜಿ ಆವತ್ತೇ ಬಿಸಾಕ್ತೀನಿ. ಈಗ ಹೇಳೋ ನಾಯನಾ, ನಿಮ್ಮ ಸೀಮೆ ಡಾಕ್ಟ್ರು ಚೊಕ್ಕಾನೋ, ನಾನು ಚೊಕ್ಕಾನೋ?"

ನಾನು ಹಲ್ಲಿನ ಮೇಲೆ ಸಿಕ್ಕಿದ್ದೆಲ್ಲ ಓದ್ಕೊಂಡಿರೋನು. ಚಿಕ್ಕಪ್ಪನ ಕಪಾಟಲ್ಲಿದ್ದ ಔಷಧಿ ಕಂಪನಿ ಕಾಗದಾನೂ ಬಿಟ್ಟಿಲ್ಲ. ಇಷ್ಟು ಓದಿದೋನು ಬ್ರಷ್ಷನ್ನೂ ಎತ್ಕೊಂಡು ಹೋಗಿ ಹಿತ್ತಲ ಗೋಡೆ ಮೇಲೆ ಕರಟದ ಪಕ್ಕ ಇಟ್ಟೆ.

ಆದ್ರೂ ಒಂದು ಹೇಳ್ಬೇಕು. ನಾನು ಕೊಳಲು ಕಲೀಬೇಕು ಅಂತ ಮನೇಲಿ ಆಸೆ ಇದ್ದಿದ್ದು ಅಜ್ಜಿಗೆ ಒಬ್ಬರಿಗೇ. ಅಪ್ಪನಿಗೆ ನಾನು ಗುಮಾಸ್ತನಾದ್ರೆ ಸಾಕಿತ್ತು. ಅಜ್ಜಿ ಮಾತ್ರ ದಿನಾ ಸಾಯಂಕಾಲ "ತುಟಿ ಮುಚ್ಚಿ ತೋರಿಸೋ" ಅನ್ನೋದು. ಮುಚ್ಚಿ ತೋರಿಸಿದ್ರೆ ದೂರದಿಂದಲೇ ದೃಷ್ಟಿ ತೆಗೆಯೋದು.

ಮೇಷ್ಟ್ರು ವಿಜಯದಶಮಿ ದಿನ ಪಾಠ ಶುರು ಅಂತ ಹೇಳಿ ಕಳಿಸಿದ್ರು. ಹಿಂದಿನ ದಿನ ಆಯುಧಪೂಜೆ. ಬೆಳಿಗ್ಗೆ ಊಟಕ್ಕೆ ಮುಂಚೆ ಪ್ಲೇಟು ಕರಟಕ್ಕೆ ಹಾಕಿ, ಚೆಂಡುಹೂವು ತರೋಕೆ ಹೋದೆ. ಬಂದು, ಹೂವು ಒಳಗೆ ಕೊಟ್ಟು, ಹಿತ್ತಲಿಗೆ ಹೋಗಿ ನೋಡಿದ್ರೆ ಇಟ್ಟಿಗೆ ಪಕ್ಕಕ್ಕಿದೆ, ಕರಟ ಖಾಲಿ. ಕಾಗೆ ಇಟ್ಟಿಗೆ ಎತ್ತೋಷ್ಟು ಬಲಿತುಬಿಡ್ತಾ ಅಂತ ಹಿತ್ತಲೆಲ್ಲ ಹುಡುಕಿದೆ. ಆಗ ಒಳಗಿಂದ ಅಜ್ಜಿ ಕೂಗ್ತು, "ಬಾರೋ, ಮಂಗಳಾರತಿ!"

ಒಳಗೆ ಹೋದೆ. ದೇವರ ಮುಂದೆ ಮಚ್ಚು, ಗುದ್ದಲಿ, ಅಪ್ಪನ ಪೆನ್ನು, ನನ್ನ ಕೊಳಲು. ಕೊಳಲಿನ ಪಕ್ಕ ಹಿತ್ತಾಳೆ ತಟ್ಟೆ. ತಟ್ಟೇಲಿ ನನ್ನ ಪ್ಲೇಟು, ಅರಿಶಿನ ಕುಂಕುಮ ಹಚ್ಕೊಂಡು, ತಂತಿಗೆ ಒಂದು ಚೆಂಡುಹೂವು ಸಿಗಿಸ್ಕೊಂಡು ಕೂತಿದೆ.

"ಅಜ್ಜೀ! ನೀನು ಮುಟ್ಟಿದ್ಯಾ?"

"ಮುಟ್ಟಿ, ತಿರುಗಾ ಸ್ನಾನ ಮಾಡ್ದೆ. ನಾಳೆ ಗುರುಗಳ ಮುಂದೆ ಎಂಜಲು ಸಾಮಾನು ಇಟ್ಕೊಂಡು ಕೂತ್ಕೋತೀಯಾ? ವಿದ್ಯೆ ಹತ್ತುತ್ತಾ? ಅದಕ್ಕೇ ಶುದ್ಧಿ ಮಾಡ್ದೆ. ಇವತ್ತಿಂದ ಅದು ಎಂಜಲಲ್ಲ ಕಣೋ, ಆಯುಧ."

"ಹೆಂಗೆ ಶುದ್ಧಿ ಮಾಡ್ದೆ ಅಜ್ಜಿ?" ನನ್ನ ದನಿ ಆಗಲೇ ಕೊಳಲಿನ ತರ ಆಗಿತ್ತು.

"ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದೆ. ಕುದಿಯೋ ನೀರು ಹೊಯ್ದೆ. ಆಮೇಲೆ ಒಂದು ಗಳಿಗೆ ಕೆಂಡದ ಮೇಲೆ ಹಿಡಿದೆ. ಬೆಂಕಿ ಮುಟ್ಟಿದ ಮೇಲೆ ಯಾವ ಮೈಲಿಗೇನೂ ನಿಲ್ಲಲ್ಲ."

ಬಿಲ್ಲೆ ಒಂದು ಕಡೆ ಮುದುರಿಕೊಂಡಿತ್ತು. ಬಾಯಿಗೆ ಹಾಕಿದೆ, ಕುಂಟು ಕುರ್ಚಿ ತರ ಅಲ್ಲಾಡ್ತು. ತಂತಿ ಒಂದು ಹಲ್ಲನ್ನ ಮುಟ್ತು, ಮೂರನ್ನ ಬಿಟ್ಟಿತ್ತು. ಅಜ್ಜಿ ನನ್ನ ಮುಖಾನೇ ನೋಡ್ತಾ ಇತ್ತು. ಮೂರು ತಿಂಗಳು ಹಿತ್ತಲ ಕಡೆ ನೋಡೋಕೂ ಅಸಹ್ಯ ಪಟ್ಟಿದ್ದ ಸಾಮಾನನ್ನ ಅಜ್ಜಿ ತಾನೇ ಕೈಯಾರೆ ತಿಕ್ಕಿತ್ತು. "ಚೆನ್ನಾಗಿ ಕೂತಿದೆ ಅಜ್ಜಿ" ಅಂದು ಕಾಲಿಗೆ ಬಿದ್ದೆ.

ಮಾರನೇ ದಿನ ಕೋಲಾರಕ್ಕೆ ಹೋದೆ, ಯುದ್ಧದ ಕಾಲದಲ್ಲಿ ಪೆಟ್ರೋಲ್ ಇಲ್ಲದೆ ಇದ್ದಿಲು ಉರಿಸಿ ಓಡಿಸ್ತಿದ್ದ ಬಸ್ಸಲ್ಲಿ. ಹಲ್ಲು ಇನ್ನೂ ನಿಂತ ಕಡೆ ನಿಂತಿದ್ವು. ತುಟಿ ಮುಚ್ತು, ಸ್ವರ ಬಂತು, ಮೇಷ್ಟ್ರು ತಲೆ ಆಡಿಸಿದ್ರು. ವಾಪಸ್ ಬಂದು ಚಿಕ್ಕಪ್ಪನಿಗೆ ಕಾಗದ ಬರೆದೆ, ಇನ್ನೊಂದು ಪ್ಲೇಟು ಬೇಕು ಅಂತ. ಉತ್ತರ ಬಂತು: ಡಾಕ್ಟ್ರು ಯುದ್ಧಕ್ಕೆ ಹೋದ್ರು, ಅಂಗಡಿಗೆ ಬೀಗ, ರಬ್ಬರಂತೂ ಎಲ್ಲೂ ಸಿಗಲ್ಲ, ನಿನ್ನ ಹಲ್ಲು ನೀನೇ ನೋಡ್ಕೋ.

ನೋಡ್ಕೊಂಡೆ. ಡಾಕ್ಟ್ರು ಕೊಟ್ಟಿದ್ದ ನನ್ನ ಹಲ್ಲಿನ ಗಾರೆ ಅಚ್ಚು ಮನೇಲಿತ್ತು. ಪ್ಲೇಟನ್ನ ಬಿಸಿ ಮಾಡಿ ಅಚ್ಚಿಗೆ ಒತ್ತಿದೆ, ಬಟ್ಟೆ ಸುತ್ತಿ ಕಲ್ಲು ಹೇರಿದೆ. ಬಿಲ್ಲೆ ಮುಕ್ಕಾಲು ಪಾಲು ಸರಿ ಹೋಯ್ತು, ಇನ್ನು ಕಾಲು ಪಾಲು ಸರಿ ಮಾಡೋಕೆ ಹೋಗಿ ತಂತಿ ಮುರೀತು. ದಯವಿಟ್ಟು ನೀವು ಇದನ್ನ ಮಾಡಬೇಡಿ. ಆಮೇಲೆ ಹೆಬ್ಬೆರಳಿಂದ ದಿನಾ ಅರ್ಧ ಗಂಟೆ ಹಲ್ಲು ಒತ್ತೋದು ಹಿಡ್ಕೊಂಡೆ. ಮೂರು ಹಲ್ಲು ಮಾತು ಕೇಳಿದ್ವು. ಎಡಗಡೆದೊಂದು ಕೇಳಲಿಲ್ಲ, ದೀಪಾವಳಿಗೆ ಹೊರಟು ಯುಗಾದಿ ಹೊತ್ತಿಗೆ ತುಟಿ ಹತ್ರ ಬಂದು ಕೂತ್ಕೊಂತು. ಸ್ವರದ ಜೊತೆ ಸ್ವಲ್ಪ ಬುಸ್ ಬರೋಕೆ ಶುರುವಾಯ್ತು.

ಮೇಷ್ಟ್ರು ಗದರಿದ್ರು, ಆದ್ರೆ ಕಳಿಸಲಿಲ್ಲ. "ಕಲ್ತಾಗಿದೆ, ಇನ್ನು ನಿನ್ನ ಹಲ್ಲು ನೋಡ್ಕೊಂಡು ನಾನೇನು ಮಾಡ್ಲಿ? ಕೊಳಲನ್ನ ಬಲಕ್ಕೆ ಸರಿಸಿ ಊದು" ಅಂದ್ರು. ಸರಿಸಿದೆ. ಈಗ ವರ್ಣ ನುಡಿಸ್ತೀನಿ, ಮುಖ ಮಾತ್ರ ಯಾರನ್ನೋ ಓರೆ ನೋಡ್ದಂಗೆ ಇರ್ತದೆ.

ಅಜ್ಜಿ ತೀರಿಹೋಗೋವರೆಗೂ ಪ್ಲೇಟು ಕೆಟ್ಟಿದ್ದನ್ನ ನಾನು ಹೇಳಲಿಲ್ಲ. ಮುರಿದ ಪ್ಲೇಟನ್ನ ಅವರೆದುರಿಗೆ ದಿನಾ ಬಾಯಿಗೆ ಹಾಕ್ಕೊಂಡು, ಆಚೆ ಹೋಗಿ ತೆಗೀತಿದ್ದೆ. ಬಂದವರಿಗೆಲ್ಲ ಅಜ್ಜಿ ಹೇಳ್ತಿತ್ತು, "ಡಾಕ್ಟ್ರು ಕೊಟ್ಟಾಗ ಬರೀ ರಬ್ಬರು. ನಾನು ಪೂಜೆ ಮಾಡಿದ ಮೇಲೆ ಹೆಂಗೆ ಊದ್ತಾನೆ ನೋಡಿ!"

ನಿಮ್ಮ ಮನೇಲೂ ಹಲ್ಲಿನ ಪ್ಲೇಟೋ, ಕಟ್ಟಿಸಿದ ಹಲ್ಲೋ ಇದ್ದೇ ಇರ್ತದೆ. ಅದನ್ನ ಎಲ್ಲಿ ಇಡ್ತೀರಾ, ಯಾವುದ್ರಲ್ಲಿ ತೊಳೀತೀರಾ, ಮಡಿ ಹೆಂಗಸರನ್ನ ಹೆಂಗೆ ಒಪ್ಪಿಸಿದ್ರಿ? ನಾಚ್ಕೋಬೇಡಿ, ನಾನು ಇಷ್ಟೆಲ್ಲ ಬಾಯಿ ಬಿಟ್ಟಿದೀನಿ. ಒಂದು ಕಾರ್ಡ್ ಬರೀರಿ. ಅದರಲ್ಲೂ ಮುಂದಕ್ಕೆ ಹೊರಟ ಹಲ್ಲನ್ನ ಬೆರಳಲ್ಲೇ ವಾಪಸ್ ಕಳಿಸಿದೋರು ಯಾರಾದ್ರೂ ಇದ್ರೆ, ದಿನಕ್ಕೆ ಎಷ್ಟು ಹೊತ್ತು ಒತ್ತಿದ್ರಿ ಅಂತ ಮರೀದೆ ತಿಳಿಸಿ.