ಮಹಡಿ ಮೇಲಿನ ಲೆಫ್ಟ್ ಬ್ಯಾಕ್

ದಾವಣಗೆರೆಯ ನಮ್ಮ ಮನೆಯ ಮಹಡಿಗೆ ಬಾಡಿಗೆದಾರರನ್ನು ಹುಡುಕುವಾಗ ನಮ್ಮ ಮಾವನವರು ತೋರಿಸುತ್ತಿದ್ದ ಎಚ್ಚರವನ್ನು ಮಗನಿಗೆ ಹೆಣ್ಣು ಹುಡುಕುವಾಗ ತೋರಿಸಿರಲಿಲ್ಲ. ಆ ಮನೆಗೆ ಸೊಸೆಯಾಗಿ ಬಂದವಳು ನಾನೇ ಆದ್ದರಿಂದ ಈ ಮಾತನ್ನು ಧೈರ್ಯವಾಗಿ ಹೇಳಬಹುದು. ಮಾವನವರದು ಜವಳಿ ವ್ಯಾಪಾರ. ಹಣೆಯ ತುಂಬ ವಿಭೂತಿ, ಬಾಯಿಯ ತುಂಬ ಪ್ರಶ್ನೆ. ನಿಮ್ಮ ಊರು ಯಾವುದು, ಮನೆತನ ಯಾವುದು, ಮೊಟ್ಟೆ ತಿಂತೀರೇನು, ಟೇಪ್ ರೆಕಾರ್ಡರ್ ಜೋರಾಗಿ ಹಾಕ್ತೀರೇನು. ಇಷ್ಟರಲ್ಲಿ ಬಂದವರು ಚಪ್ಪಲಿ ಹುಡುಕಿಕೊಳ್ಳುತ್ತಿದ್ದರು. ಹೀಗಾಗಿ ಮಹಡಿಯಲ್ಲಿ ಬಹುಕಾಲ ಪಾರಿವಾಳಗಳೇ ಸಂಸಾರ ಹೂಡಿದ್ದವು.

ತೊಂಬತ್ತಾರರ ಕೊನೆಗೆ ಬ್ರೋಕರೊಬ್ಬ ತಂದೆ-ಮಗಳಿಬ್ಬರನ್ನು ಕರೆದುಕೊಂಡು ಬಂದ. ಮಗಳು ನಮ್ಮೂರಿನ ದಂತ ವೈದ್ಯಕೀಯ ಕಾಲೇಜಿನಲ್ಲಿ ಓದುತ್ತಿದ್ದಳು, ಹಾಸ್ಟೆಲ್ ಸಾಕಾಗಿತ್ತು. ತಂದೆಗೆ ನಲವತ್ತು ದಾಟಿತ್ತು. ದಪ್ಪ ಮೀಸೆ, ಅದಕ್ಕೆ ತಕ್ಕ ಹೊಟ್ಟೆ, ಎಡಗಾಲಲ್ಲಿ ಸಣ್ಣ ಕುಂಟು. ಹೆಂಡತಿ ತೀರಿಕೊಂಡ ಮೇಲೆ ಮಗಳ ಜೊತೆಗಿರಲು ಬಂದು ಹೋಗಿ ಮಾಡುತ್ತಿದ್ದರಂತೆ. ಇರಾನಿನವರು. ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದುದರಿಂದ ದುಭಾಷಿಯ ಕೆಲಸ ನನ್ನ ತಲೆಗೆ ಬಂತು.

“ಮಾಂಸ ತಿಂತಾರೇನು ಕೇಳಮ್ಮ,” ಎಂದರು ಮಾವ.

ಕೇಳಿದೆ. ತಿನ್ನುತ್ತೇನೆ, ಆದರೆ ಈ ಮನೆಯೊಳಗೆ ತಿನ್ನುವುದಿಲ್ಲ ಎಂದರು. ಸುಳ್ಳು ಹೇಳಿದ್ದರೆ ಮಾವ ಕಳಿಸಿಬಿಡುತ್ತಿದ್ದರೋ ಏನೋ. ನಿಜ ಕೇಳಿ ತಬ್ಬಿಬ್ಬಾಗಿ, “ಆತು, ಬರ್ರಿ,” ಎಂದುಬಿಟ್ಟರು. ಆಮೇಲೆ ಒಂದು ವಾರ ತಮ್ಮ ಬಾಯಿಯನ್ನು ತಾವೇ ಬೈದುಕೊಂಡರು.

ಒಂದು ಭಾನುವಾರ ತಾರಸಿಯಿಂದ ಹೊಗೆ ಬಂತು. ಮಾವ ಮಧ್ಯಾಹ್ನದ ನಿದ್ದೆಯಿಂದ ಎದ್ದವರೇ ಮೂಗು ಅರಳಿಸಿ, “ಸಿಕ್ಕಬಿದ್ರು ನೋಡು,” ಎಂದು ಎರಡೆರಡು ಮೆಟ್ಟಿಲು ಹಾರಿ ಹೋದರು. ಜಗಳ ತಡೆಯಲು ನಾನೂ ಹಿಂದೆ ಓಡಿದೆ. ತಾರಸಿಯಲ್ಲಿ ಆ ಮನುಷ್ಯ ಕುಕ್ಕರಗಾಲಲ್ಲಿ ಕೂತು ಕೆಂಡದ ಮೇಲೆ ಬದನೆಕಾಯಿ ಸುಡುತ್ತಿದ್ದರು. ಪಕ್ಕದಲ್ಲಿ ಟೊಮೆಟೊ, ಬೆಳ್ಳುಳ್ಳಿ. ಬೈಯಲು ತೆರೆದ ಬಾಯಿಯನ್ನು ಮಾವನಿಗೆ ಹಾಗೇ ಮುಚ್ಚಲಾಗಲಿಲ್ಲ. ಆ ಮನುಷ್ಯ ಅದಕ್ಕೆ ಒಂದು ತುತ್ತು ಇಟ್ಟರು.

“ಇದು ನಮ್ಮ ಬದನೆಕಾಯಿ ಚಟ್ನಿನೇ ಅಲ್ಲೇನಮ್ಮ? ಖಾರ ಹಾಕೋದು ಮರ್ತಾರೆ ಅಷ್ಟ,” ಎಂದರು ಮಾವ. ಕೆಳಗಿನಿಂದ ರೊಟ್ಟಿ ತರಿಸಿದರು. ಅವತ್ತಿನಿಂದ ಅವರು ಮಾವನ ಬಾಯಲ್ಲಿ ‘ಮ್ಯಾಲಿನ ಸಾಹೇಬ್ರು’ ಆದರು.

ಸಾಹೇಬರು ಯಾರೆಂದು ಗೊತ್ತಾದದ್ದು ನನ್ನ ಗಂಡನ ಬೂಟುಗಳಿಂದ. ನನ್ನ ಗಂಡ ಹರಿಹರದ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ಅಲ್ಲಿನ ಫುಟ್‌ಬಾಲ್ ತಂಡದ ನಾಯಕರೂ ಗೋಲ್‌ಕೀಪರೂ ಅವರೇ. ಆ ತಂಡ ಗೆದ್ದದ್ದನ್ನು ಕಂಡವರನ್ನು ನಾನು ಕಂಡಿಲ್ಲ. ಕೆಸರು ಮೆತ್ತಿದ ಬೂಟುಗಳನ್ನು ಮೆಟ್ಟಿಲ ಮೇಲೆ ಒಣಗಲು ಇಟ್ಟಿದ್ದರು. ಕಾಲೇಜಿನಿಂದ ಬಂದ ಹುಡುಗಿ ಅವನ್ನು ದಾಟುತ್ತ, “ಅಕ್ಕ, ನಮ್ಮಪ್ಪನ ಬೂಟಿಗೂ ಇದೇ ವಾಸನೆ ಇರ್ತಿತ್ತು. ದೇಶದ ತಂಡಕ್ಕೆ ಆಡ್ತಿದ್ದರಲ್ಲ, ಆಗ,” ಎಂದಳು. ಮಳೆ ಬರುವ ಹಾಗಿದೆ ಎನ್ನುವಷ್ಟು ಸಲೀಸಾಗಿ.

ನನ್ನ ಗಂಡ ಚಹಾದ ಲೋಟ ಹಿಡಿದು ಹಾಗೇ ನಿಂತರು. “ದೇಶದ ತಂಡ? ಅಂದ್ರೆ ಇಡೀ ದೇಶದ್ದಾ?”

“ಅದಿರ್ಲಿ,” ಎಂದರು ಮಾವ ಒಳಗಿನಿಂದ, “ಕೆಲ್ಸ ಏನ್ ಮಾಡ್ತಿದ್ರಂತ ಕೇಳು.”

ಮುಂದಿನ ಭಾನುವಾರವೇ ನನ್ನ ಗಂಡ ಅವರನ್ನು ಹರಿಹರಕ್ಕೆ ಎಳೆದುಕೊಂಡು ಹೋದರು. ತಂಡದವರು ಸಾಲಾಗಿ ನಿಂತು, ಹಾರಿ ತಲೆಕೆಳಗಾಗಿ ಒದೆಯುವ ವಿದ್ಯೆ ಯಾವಾಗ ಕಲಿಸುತ್ತಾರೆ ಎಂದು ಕಾದರು. ಸಾಹೇಬರು ಕಲಿಸಿದ್ದು ನಡೆಯುವುದನ್ನು. ಚೆಂಡನ್ನು ಪಕ್ಕದವನಿಗೆ ಕೊಡು, ನಡೆ, ಮತ್ತೆ ಇಸಿದುಕೋ, ಮತ್ತೆ ಕೊಡು. ಒಂದು ತಿಂಗಳು ಇಷ್ಟೇ. ಭಾನುವಳ್ಳಿಯಿಂದ ಸೈಕಲ್ಲಿನಲ್ಲಿ ಬರುತ್ತಿದ್ದ ಫಾರ್ವರ್ಡ್ ಒಬ್ಬ, “ಇದನ್ನ ನಮ್ಮಜ್ಜಿನೂ ಆಡ್ತಾಳ,” ಎಂದ. ಸಾಹೇಬರಿಗೆ ಅದನ್ನು ಅನುವಾದಿಸಿ ಹೇಳಿದಾಗ, “ಹಾಗಾದರೆ ಅಜ್ಜಿಯನ್ನು ಕರೆದುಕೊಂಡು ಬಾ, ನಿನ್ನ ಜಾಗ ಅವರಿಗೆ ಕೊಡೋಣ,” ಎಂದರು.

ಇಷ್ಟರಲ್ಲಿ ನನ್ನ ಗಂಡನಿಗೆ ಗೌರವ ತಲೆಗೇರಿತ್ತು. ಮನೆಯಲ್ಲೇ ಅಂತಾರಾಷ್ಟ್ರೀಯ ಆಟಗಾರ ಇರುವಾಗ ಸುಮ್ಮನೆ ಕೂರುವುದು ಹೇಗೆ? ತೊಂಬತ್ತೇಳರ ಬೇಸಿಗೆಯಲ್ಲಿ ಪ್ರದರ್ಶನ ಪಂದ್ಯ ಗೊತ್ತಾಯಿತು. ಹರಿಹರದ ಕಾರ್ಖಾನೆ ತಂಡ, ಎದುರಿಗೆ ದಾವಣಗೆರೆಯ ಕಾಲೇಜು ಹುಡುಗರು. ಕಾರ್ಖಾನೆಯ ಕಡೆ ಸಾಹೇಬರು. ಬಟ್ಟೆಯ ಬ್ಯಾನರ್‌ಗಳು ನಮ್ಮ ಮಾವನ ಅಂಗಡಿಯಿಂದಲೇ ಹೋದವು. ಮಾವ ಮುಖ ಗಂಟಿಕ್ಕಿಕೊಂಡೇ ಹರಿದುಕೊಟ್ಟರು.

ಪಂದ್ಯದ ದಿನ ಮೈದಾನದ ಸುತ್ತ ಜನವೋ ಜನ. ನಂದಿಗುಡಿ ಬಸ್ಸಿನಲ್ಲಿ ಬಂದವರು ಇಳಿದ ಕೂಡಲೇ, “ಕುಸ್ತಿ ಎಲ್ಲೈತ್ರಿ?” ಎಂದು ಕೇಳಿದರಂತೆ. ಫುಟ್‌ಬಾಲ್ ಎಂದು ತಿಳಿದ ಮೇಲೂ, ಬಂದದ್ದಾಯಿತಲ್ಲ ಎಂದು ಮಂಡಕ್ಕಿ ಮಿರ್ಚಿ ಕಟ್ಟಿಸಿಕೊಂಡು ಕೂತರು. ನಾನು, ಹುಡುಗಿ ಮತ್ತು ನಮ್ಮತ್ತೆ ಶಾಮಿಯಾನದಡಿ ಮುಂದಿನ ಕುರ್ಚಿಗಳಲ್ಲಿದ್ದೆವು. ಮಾವ ಬಂದಿರಲಿಲ್ಲ. ಚೆಂಡಿನ ಹಿಂದೆ ಓಡುವ ಗಂಡಸರನ್ನು ನೋಡಲು ಅಂಗಡಿ ಮುಚ್ಚುವುದು ಅವರ ಜಾಯಮಾನವಲ್ಲ.

ಮುಖ್ಯ ಅತಿಥಿಯಾಗಿ ಬಂದಿದ್ದ ಒಬ್ಬ ಸ್ಥಳೀಯ ಮುಖಂಡರು ಮೈಕು ಹಿಡಿದರು. ಕ್ರೀಡೆ, ಯುವಶಕ್ತಿ, ತುಂಗಭದ್ರೆ ಎಲ್ಲ ಮುಗಿಸಿ, ದನಿ ಏರಿಸಿ, “ದೂರದ ಇರಾಕಿನಿಂದ ಬಂದ ಈ ಮಹಾನ್ ಆಟಗಾರರು,” ಎಂದರು. ಆ ಎರಡು ದೇಶಗಳು ಎಂಟು ವರ್ಷ ಹೊಡೆದಾಡಿದ್ದು ಪತ್ರಿಕೆ ಓದುವ ಎಲ್ಲರಿಗೂ ಗೊತ್ತಿತ್ತು. ಮುಖಂಡರು ಓದುತ್ತಿರಲಿಲ್ಲ. ಒಂದೇ ಸಲವಾದರೆ ಬಾಯ್ತಪ್ಪು ಎನ್ನಬಹುದಿತ್ತು, ಅವರು ಇರಾಕನ್ನು ಮತ್ತೆ ಮತ್ತೆ ಹೊಗಳಿದರು. ಹುಡುಗಿ ಅಪ್ಪನ ಕಡೆ ನೋಡಿದಳು.

ಹಾರ ಹಾಕಿಸಿಕೊಂಡು ಪಕ್ಕದಲ್ಲೇ ಕೂತಿದ್ದ ಸಾಹೇಬರು ನನ್ನ ಕಡೆ ಬಾಗಿ, “ಏನು ಹೇಳುತ್ತಿದ್ದಾರೆ?” ಎಂದು ಇಂಗ್ಲಿಷಿನಲ್ಲಿ ಕೇಳಿದರು.

“ನಿಮ್ಮನ್ನು ಹೊಗಳುತ್ತಿದ್ದಾರೆ.”

“ನನ್ನನ್ನೋ, ಸದ್ದಾಮನನ್ನೋ?”

ಕೇಳಿದವರೇ ಎದ್ದು ಹೋಗಿ ಮೈಕು ಇಸಿದುಕೊಂಡರು. ನಮ್ಮ ಮಾವನಿಂದ ಕಲಿತ ಕನ್ನಡದಲ್ಲಿ, “ಇರಾಕ್ ಅಲ್ರೀ, ಇರಾನ್. ಕೊನೇ ಅಕ್ಷರ ನೋಡ್ರಿ. ಅದಕ್ಕ ಬಾಳ ಜನ ಸತ್ತಾರ,” ಎಂದರು. ಆಮೇಲೆ ಅವರೇ ನಕ್ಕು ಮುಖಂಡರ ಕೊರಳಿಗೆ ತಮ್ಮ ಹಾರ ಹಾಕಿದರು. ಕನ್ನಡ ಮಾತಾಡಿದ್ದಕ್ಕೆ ಜನ ಶಿಳ್ಳೆ ಹೊಡೆದರು. ಏನು ಮಾತಾಡಿದರು ಎಂಬುದು ಎಷ್ಟು ಜನಕ್ಕೆ ತಲುಪಿತೋ ಗೊತ್ತಿಲ್ಲ.

ಆಟ ಶುರುವಾಯಿತು. ಸಾಹೇಬರು ಎಡಗಡೆ ಹಿಂದೆ, ಲೆಫ್ಟ್ ಬ್ಯಾಕ್ ಜಾಗದಲ್ಲಿ ನಿಂತರು. ನಿಜವಾಗಿಯೂ ನಿಂತರು, ಓಡಲೇ ಇಲ್ಲ. ಕಾಲೇಜು ಹುಡುಗರು ಬೆವರು ಸುರಿಸಿಕೊಂಡು ಚೆಂಡು ತಂದರೆ ಇವರು ಬಾಗಿಲಲ್ಲಿ ನಿಂತು ಪೋಸ್ಟು ಇಸಿದುಕೊಳ್ಳುವ ಹಾಗೆ ಅದನ್ನು ಇಸಿದುಕೊಂಡು ನಮ್ಮವರಿಗೆ ಕೊಟ್ಟುಬಿಡುತ್ತಿದ್ದರು. ಎಷ್ಟು ಹುಡುಗರು ಬಂದರೂ ಅಷ್ಟೇ. ನಡೆಯುವುದನ್ನು ಕಲಿತಿದ್ದ ನಮ್ಮ ತಂಡ ನಡೆದುಕೊಂಡೇ ಹೋಗಿ ಒಂದು ಗೋಲು ಹೊಡೆಯಿತು. ಭಾನುವಳ್ಳಿಯ ಫಾರ್ವರ್ಡ್ ಅಂಗಿ ಬಿಚ್ಚಿ ಬೀಸಿದ.

ಇನ್ನೇನು ಮುಗಿಯಬೇಕು, ಆಗ ಕಾಲೇಜಿನವರ ಒಂದು ಎತ್ತರದ ಚೆಂಡು ಬಂತು. ಸಾಹೇಬರು ಅದನ್ನು ಎದೆಯಲ್ಲಿ ತಡೆದು ಇಳಿಸಿಕೊಂಡರು. ಚೆಂಡು ಹಕ್ಕಿಯ ಹಾಗೆ ಅವರ ಕಾಲಬುಡದಲ್ಲಿ ಬಂದು ಕೂತಿತು. ಗೋಲ್‌ಕೀಪರನಿಗೆ ಕೊಡೋಣವೆಂದು ತಿರುಗಿ ಎಡಗಾಲಲ್ಲಿ ಒದ್ದರು. ನನ್ನ ಗಂಡ ಆ ಹೊತ್ತಿಗೆ ಗೋಲು ಬಿಟ್ಟು ಮುಂದೆ ಬಂದು, ತಮ್ಮ ಸಾಹೇಬರ ಆಟವನ್ನು ಬಾಯಿ ತೆರೆದು ನೋಡುತ್ತಿದ್ದರು. ಚೆಂಡು ಅವರ ತಲೆಯ ಮೇಲಿಂದ ಕಮಾನಿನಂತೆ ಹೋಗಿ ನಮ್ಮದೇ ಬಲೆಗೆ ಬಿತ್ತು.

ಜನ ಎದ್ದು ನಿಂತು ಕುಣಿದರು. ಅಷ್ಟು ಚೆಂದದ ಗೋಲನ್ನು ಅವರು ಹಿಂದೆಂದೂ ನೋಡಿರಲಿಲ್ಲ. ಯಾವ ಕಡೆಗೆ ಹೋಯಿತು ಎಂಬುದು ಸಣ್ಣ ವಿಷಯ. ಯಾರೋ ಪಟಾಕಿ ಹಚ್ಚಿದರು. ನಮ್ಮತ್ತೆ ನನ್ನ ತೋಳು ಹಿಡಿದು, “ಸಾಹೇಬ್ರು ಗೆದ್ರೇನ?” ಎಂದರು. “ಹೂಂ ಅತ್ತೆ, ಇಬ್ಬರನ್ನೂ ಗೆಲ್ಲಿಸಿದ್ರು,” ಎಂದೆ. ಪಂದ್ಯ ಸಮವಾಯಿತು. ಸಾಹೇಬರು ಮಾತ್ರ ಮೈದಾನದಲ್ಲಿ ಕೂತುಬಿಟ್ಟಿದ್ದರು, ಮುಖವನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡು. ಅಳುತ್ತಿದ್ದಾರೆಂದು ನನ್ನ ಗಂಡ ಹೆದರಿ ಓಡಿದರು. ಹೋಗಿ ನೋಡಿದರೆ ನಗು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಗು.

ವಾಪಸು ಬರುವಾಗ ಟೆಂಪೋದಲ್ಲಿ ಕಾರಣ ಹೇಳಿದರು. ಕ್ಯಾಸ್ಪಿಯನ್ ಸಮುದ್ರದ ದಂಡೆಯ ಬಂದರಿನಲ್ಲಿ ಮೀನುಗಾರನ ಮಗನಾಗಿ ಹುಟ್ಟಿದವರು. ಬಲಗಾಲಿಗಿಂತ ಎಡಗಾಲು ಚುರುಕಾಗಿತ್ತು, ಅದೇ ಅವರ ಆಸ್ತಿ. ಇಪ್ಪತ್ತು ದಾಟುತ್ತಲೇ ರಾಷ್ಟ್ರೀಯ ತಂಡಕ್ಕೆ ಕರೆ ಬಂತು. ಹೋಗಿ ನೋಡಿದರೆ ಅದೇ ಜಾಗದಲ್ಲಿ ಇವರಿಗಿಂತ ಒಳ್ಳೆಯ ಆಟಗಾರನಿದ್ದ.

“ಅವನಿಗೆ ನೆಗಡಿಯೂ ಆಗುತ್ತಿರಲಿಲ್ಲ ಮೇಡಂ,” ಎಂದರು. “ನಾನು ಏಷ್ಯಾದ ಎಲ್ಲ ದೇಶಗಳ ಬೆಂಚಿನ ಮೇಲೆ ಕೂತಿದ್ದೇನೆ. ಯಾವ ದೇಶದ ಬೆಂಚು ಮೆತ್ತಗಿದೆ ಕೇಳಿ, ಹೇಳುತ್ತೇನೆ.”

ಅವನು ನಿವೃತ್ತನಾಗಿ ಇವರ ಸರದಿ ಬಂತು ಎನ್ನುವಾಗ ದೇಶದಲ್ಲಿ ಕ್ರಾಂತಿಯಾಯಿತು, ಅದರ ಬೆನ್ನಿಗೆ ಯುದ್ಧ ಬಂತು. ಲೀಗ್ ನಿಂತಿತು. ಚೆಂಡು ಒದೆಯುವ ವಯಸ್ಸಿನಲ್ಲಿ ಯುದ್ಧದ ಕಡೆಗೆ ಲಾರಿ ಓಡಿಸಿದರು. ಜೊತೆಗೆ ಆಡಿದ ಕೆಲವರು ಅಲ್ಲಿಂದ ಬರಲಿಲ್ಲ. ಅದನ್ನು ಹೇಳುವಾಗ ಮಾತ್ರ ಕಿಟಕಿಯ ಕಡೆ ತಿರುಗಿದರು. ಮತ್ತೆ ತಂಡಕ್ಕೆ ಕರೆ ಬಂದಾಗ ಮೂವತ್ತರ ಹತ್ತಿರ. ಕೈಬೆರಳಲ್ಲಿ ಎಣಿಸುವಷ್ಟು ಪಂದ್ಯ ಆಡಿದರು. ಕೊನೆಯದು ಪರದೇಶದ ಸುಡು ಮರಳಿನ ಊರಿನಲ್ಲಿ. ಗೋಲ್‌ಕೀಪರನಿಗೆ ಚೆಂಡು ಕೊಡಲು ಹೋಗಿ ತಮ್ಮದೇ ಬಲೆಗೆ ಹೊಡೆದರು.

“ದೇಶಕ್ಕಾಗಿ ನಾನು ಹೊಡೆದ ಒಂದೇ ಗೋಲು ಅದು. ಊರಿಗೆ ಹೋದರೆ ನಮ್ಮಪ್ಪನ ಹತ್ತಿರ ಯಾರೂ ಮೀನು ಕೊಳ್ಳಲಿಲ್ಲ. ನಾನು ರಸ್ತೆ ತಿರುವಿನಲ್ಲಿ ಬಂದರೆ ಹುಡುಗರು ‘ಆ ಕಡೆ ಹೋಗಿ, ಆ ಕಡೆ’ ಎಂದು ದಾರಿ ತೋರಿಸುತ್ತಿದ್ದರು. ಹನ್ನೊಂದು ವರ್ಷ ಅದನ್ನು ನೆನೆದು ನಾನು ನಕ್ಕಿರಲಿಲ್ಲ. ಇವತ್ತು ಅದೇ ಗೋಲಿಗೆ ನಿಮ್ಮ ಜನ ಪಟಾಕಿ ಹೊಡೆದರಲ್ಲ!”

ಮಗಳೂ ಈ ಕಥೆಯನ್ನು ಅಪ್ಪನ ಬಾಯಿಂದ ಮೊದಲ ಸಲ ಕೇಳುತ್ತಿದ್ದಳು. ಅಪ್ಪನ ಭುಜಕ್ಕೆ ತಲೆಯಿಟ್ಟು ಅವಳೂ ನಗತೊಡಗಿದಳು. ನನ್ನ ಗಂಡ ಒಬ್ಬರೇ ನಗಲಿಲ್ಲ. ತಪ್ಪು ತನ್ನದೋ ಸಾಹೇಬರದೋ ಎಂದು ದಾವಣಗೆರೆ ಬರುವವರೆಗೂ ಲೆಕ್ಕ ಹಾಕುತ್ತಲೇ ಇದ್ದರು.

ಅದೇ ವರ್ಷ ನವೆಂಬರಿನ ಕೊನೆಯ ಶನಿವಾರ. ನನಗೆ ಅರ್ಧ ದಿನದ ಶಾಲೆ. ಗಂಡ ಶಿಫ್ಟಿಗೆ ಹೋಗಿದ್ದರು. ಮಧ್ಯಾಹ್ನ ತಾರಸಿಯಲ್ಲಿ ರೇಡಿಯೊ ಕರಕರ ಎನ್ನತೊಡಗಿತು. ನಿದ್ದೆ ಕೆಟ್ಟ ಮಾವ ಬೈಯಲು ಹೊರಟರು, ನಾನು ಯಥಾಪ್ರಕಾರ ಹಿಂದೆ. ಸಾಹೇಬರು ನೀರಿನ ಟ್ಯಾಂಕಿನ ನೆರಳಲ್ಲಿ ರೇಡಿಯೊವನ್ನು ಮಗುವಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಇರಾನ್ ವಿಶ್ವಕಪ್ಪಿಗೆ ಹೋಗಬೇಕಾದರೆ ಅದು ಕೊನೆಯ ಅವಕಾಶ. ಆಸ್ಟ್ರೇಲಿಯಾದ ನೆಲದಲ್ಲಿ ಪಂದ್ಯ. ಇರಾನ್ ಎರಡು ಗೋಲು ಹಿಂದೆ. ಯಾರೋ ತಲೆಕೆಟ್ಟವನು ಮೈದಾನಕ್ಕೆ ನುಗ್ಗಿ ಗೋಲಿನ ಬಲೆ ಹರಿದದ್ದರಿಂದ ಆಟ ನಿಂತಿತ್ತು. ನಾವು ನೋಡುತ್ತಿದ್ದಂತೆಯೇ ಸಾಹೇಬರು ರೇಡಿಯೊ ಆಫ್ ಮಾಡಿದರು.

“ಯಾಕ ಆರಿಸಿದ್ರಿ?” ಎಂದರು ಬೈಯಲು ಬಂದಿದ್ದ ಮಾವ.

“ಸೋತ್ವಿ.”

“ಆಟ ಮುಗ್ದೈತೇನು?”

“ಇಲ್ಲ.”

“ಮತ್ತೆ? ಗಿರಾಕಿ ಬರ್ಲಿಲ್ಲಂತ ಮಧ್ಯಾಹ್ನಕ್ಕೇ ಅಂಗಡಿ ಬಾಗಿಲು ಹಾಕ್ತಾರೇನ್ರಿ? ಹಚ್ರಿ ಅದನ್ನ.” ಮಾವ ಪಂಚೆ ಮಡಚಿ ಪಕ್ಕದಲ್ಲೇ ಕೂತರು.

ಆ ಭಾಷೆಯ ಒಂದಕ್ಷರವೂ ನಮಗೆ ತಿಳಿಯದು. ಆದರೂ ಹೇಳುವವನ ದನಿ ಒಮ್ಮೆಲೇ ಏರಿದಾಗ ಮಾವ ನನ್ನ ಮುಖ ನೋಡಿದರು. ಒಂದು ಗೋಲು. ಇನ್ನೂ ಉಸಿರು ಬಿಟ್ಟಿರಲಿಲ್ಲ, ಆ ದನಿ ಮತ್ತೆ ಏರಿ ಒಡೆದೇ ಹೋಯಿತು. ಎರಡನೆಯದು. ಸಾಹೇಬರು ಗರುಡಗಂಬದಂತೆ ಎದ್ದು ನಿಂತರು. ಆಮೇಲಿನ ಹೊತ್ತು ಅವರು ತಾರಸಿಯ ತುಂಬ ನಡೆದರು, ಮಾವ ಅವರ ಹಿಂದೆ ರೇಡಿಯೊ ಹಿಡಿದು ನಡೆದರು. ಕೊನೆಯ ಸೀಟಿ ಊದಿದ್ದೇ ತಡ, ಸಾಹೇಬರು ನಮ್ಮ ಮಾವನನ್ನು ಬಾಚಿ ತಬ್ಬಿ ಎರಡೂ ಕೆನ್ನೆಗೆ ಮುತ್ತಿಟ್ಟರು. ಅರವತ್ತೈದು ದಾಟಿದ ಮಾವನವರು ಹಿಡಿದ ರೇಡಿಯೊ ಬಿಡದೆ ಕಂಬದಂತೆ ನಿಂತಿದ್ದರು. ಅವರ ಹಣೆಯ ವಿಭೂತಿಯಲ್ಲಿ ಅರ್ಧ ಸಾಹೇಬರ ಮೀಸೆಗೆ ಹತ್ತಿತ್ತು.

ಮಾವ ಸುಧಾರಿಸಿಕೊಂಡು ಕೇಳಿದರು. “ಅಲ್ರೀ, ಅವರೂ ಎರಡು, ನೀವೂ ಎರಡು. ಅಲ್ಲಿಗೆ ಸಮ ಆತಲ್ಲ. ಗೆದ್ದಿದ್ದು ಹೆಂಗೆ?”

ಮೊದಲ ಪಂದ್ಯ ಇರಾನಿನಲ್ಲಿ ಒಂದೊಂದು ಗೋಲಿಗೆ ಸಮವಾಗಿತ್ತು, ಪರನೆಲದಲ್ಲಿ ಹೊಡೆದ ಗೋಲಿಗೆ ಹೆಚ್ಚು ಬೆಲೆ ಎಂದು ನಾನು ಬಿಡಿಸಿ ಹೇಳಿದೆ.

“ಹೌದು ಮತ್ತೆ. ಪರಸ್ಥಳದಾಗ ದುಡಿದಿದ್ದಕ್ಕೆ ಯಾವತ್ತೂ ತೂಕ ಜಾಸ್ತಿ,” ಎಂದರು. ಮೆಟ್ಟಿಲು ಇಳಿಯುವಾಗ ಮೆಲ್ಲಗೆ, “ಮುತ್ತು ಕೊಟ್ಟಿದ್ದು ನಿಮ್ಮತ್ತಿಗೆ ಹೇಳಬ್ಯಾಡ,” ಎಂದೂ ಸೇರಿಸಿದರು. ಹಣೆ ನೋಡಿಯೇ ಅತ್ತೆ ಎಲ್ಲ ಕೇಳಿ ತಿಳಿದುಕೊಂಡರು.

ಹುಡುಗಿಯ ಓದು ತೊಂಬತ್ತೊಂಬತ್ತರಲ್ಲಿ ಮುಗಿಯಿತು. ಹೋಗುವ ಮುಂಚೆ ಮಾವನ ಎರಡು ಹಲ್ಲು ಕಿತ್ತು, ಮೂರು ಹಲ್ಲು ಉಳಿಸಿಕೊಟ್ಟಳು. ಅವರನ್ನು ಬೀಳ್ಕೊಡಲು ಬೆಳಗಿನ ರೈಲಿಗೆ ಸ್ಟೇಷನ್ನಿಗೆ ಎಲ್ಲರೂ ಹೋದೆವು. ನನ್ನ ಗಂಡ ಮೂಗು ಒರೆಸಿಕೊಳ್ಳುತ್ತಿದ್ದರು. ಹಸಿರು ಬಾವುಟ ಬೀಸುವ ಹೊತ್ತಿಗೆ ಮಾವ ಕಿಟಕಿಯ ಹತ್ತಿರ ಹೋಗಿ, ಬಹಳ ದಿನದಿಂದ ಸಂಕೋಚಪಟ್ಟು ಇಟ್ಟುಕೊಂಡಿದ್ದವರ ಹಾಗೆ ಕೇಳಿದರು.

“ಸಾಹೇಬ್ರೆ, ಈ ಆಫ್‌ಸೈಡ್ ಅಂದ್ರೆ ಏನ್ರಿ?”

ಸಾಹೇಬರ ಕಣ್ಣು ಅರಳಿತು. ಕಿಟಕಿಯ ಸರಳಿನಿಂದ ಕೈ ಹೊರಗೆ ಚಾಚಿ, ಒಂದು ಬೆರಳು ಗೋಲ್‌ಕೀಪರ್, ಇನ್ನೊಂದು ಬೆರಳು ಬ್ಯಾಕು ಎಂದು ಶುರುಮಾಡಿದರು. ರೈಲು ಹೊರಟಿತು. ಮಾವ ಪಂಚೆ ಎತ್ತಿ ಹಿಡಿದು ಜೊತೆಗೆ ನಡೆದರು, ಆಮೇಲೆ ಸ್ವಲ್ಪ ಓಡಿದರು ಕೂಡ. ಪ್ಲಾಟ್‌ಫಾರಂ ಮುಗಿದಾಗಲೂ ಆ ಕೈ ಗಾಳಿಯಲ್ಲಿ ಏನನ್ನೋ ವಿವರಿಸುತ್ತಲೇ ಇತ್ತು.

“ತಿಳೀತೇನ್ ಮಾವ?” ಎಂದೆ ಆಟೋದಲ್ಲಿ.

“ಇಲ್ಲಮ್ಮ,” ಎಂದರು ಏದುಸಿರು ಬಿಡುತ್ತ. “ನನಗನ್ಸುತ್ತೆ, ಅವರಿಗೂ ಪೂರ್ತಿ ಗೊತ್ತಿಲ್ಲ.”