ಹಾಲಿವುಡ್ಡಿನ ಸಿಂಹವಾಹಿನಿ

ಹೊಸನಗರದ ನಮ್ಮ ಮಾವನ ಅಡುಗೆಮನೆಗೆ ಹಾಲಿವುಡ್ ಬಂದದ್ದು ಬೆಲ್ಲದ ಪೊಟ್ಟಣವಾಗಿ. ಸಿನಿಮಾ ಬರುವ ಮೊದಲೇ ಅದರ ಹ್ಯಾಂಡ್‌ಬಿಲ್ಲಿನಲ್ಲಿ ಬೆಲ್ಲ ಕಟ್ಟಿಕೊಡುವಷ್ಟು ಕಲಾಭಿಮಾನ ಅರವತ್ತರ ದಶಕದ ಸಾಗರದ ಅಂಗಡಿಯವರಿಗಿತ್ತು. ಅಂಟಿದ ಬೆಲ್ಲವನ್ನು ಅತ್ತೆ ಕೆರೆದು ತೆಗೆದಾಗ ಕಂಡದ್ದು ಒಂದು ಸಿಂಹದ ಮುಖ, ಅದರ ಸುತ್ತ ಉಂಗುರದಂಥ ಪಟ್ಟಿ, ಪಟ್ಟಿಯ ಮೇಲೆ ಏನೋ ಬರಹ.

ಅದು ಅಮೆರಿಕದ ದೊಡ್ಡದೊಂದು ಚಿತ್ರಸಂಸ್ಥೆಯ ಮುದ್ರೆಯೆಂದು, ಮಿತ್ರರೇ, ನಿಮಗೆ ಗೊತ್ತಾಗಿರುತ್ತದೆ. ಮೂರು ಕಂಪನಿಗಳು ಒಂದಾಗಿ ಹುಟ್ಟಿ, ಆಕಾಶಕ್ಕಿಂತ ಹೆಚ್ಚು ತಾರೆಗಳು ತನ್ನ ಅಂಗಳದಲ್ಲೇ ಇವೆಯೆಂದು ಕೊಚ್ಚಿಕೊಂಡ ಮಹಾಸಂಸ್ಥಾನ ಅದು. ಒಂದು ಸಿಂಹಕ್ಕೆ ವಯಸ್ಸಾದರೆ ಗರ್ಜಿಸುವ ಪೀಠಕ್ಕೆ ಇನ್ನೊಂದನ್ನು ತಂದು ಕೂರಿಸುತ್ತಿದ್ದರಂತೆ, ಥೇಟು ನಮ್ಮ ಮಠಗಳ ಪದ್ಧತಿ. ಮಾವನಿಗೆ ಮಾತ್ರ ಅಲ್ಲಿ ಕಂಡದ್ದು ಊರದೇವಿ ಚೌಡಮ್ಮನ ವಾಹನ ಮತ್ತು ಪ್ರಭಾವಳಿ.

ಮಾವ ಊರ ದೇವಸ್ಥಾನದ ಮೊಕ್ತೇಸರರು. ದೇವರ ಚಿತ್ರವಾದರೆ ಮಾತ್ರ ನೋಡಬಹುದೆಂಬುದು ಅವರ ಕಾನೂನು. ದೇವರ ಚಿತ್ರದಲ್ಲೂ ರಂಭೆ ಕುಣಿಯುತ್ತಾಳೆಂಬುದು ಅದರ ತಿದ್ದುಪಡಿ. ಹೀಗಾಗಿ ಅತ್ತೆ ಮದುವೆಯಾಗಿ ಬಂದಮೇಲೆ ಒಂದೇ ಒಂದು ಸಿನಿಮಾವನ್ನೂ ಕಂಡಿರಲಿಲ್ಲ. ನೋಡಿಬಂದ ನೆರೆಯವರನ್ನು ಕೂರಿಸಿ, ಕಾಫಿ ಕೊಟ್ಟು, ಕಥೆ ಹೇಳಿಸಿಕೊಳ್ಳುತ್ತಿದ್ದರು.

"ಸುತ್ತ ಎಂತದಾ ಬರ್ದಿದ್ದು? ಇಂಗ್ಲೀಷಾ?" ಎಂದು ಮಾವ, ಕಾಲೇಜು ಓದುತ್ತಿದ್ದ ನನ್ನನ್ನು ಕೇಳಿದರು.

"ಅಲ್ಲ ಮಾವ, ಲ್ಯಾಟಿನ್. ನಮ್ಗೆ ಸಂಸ್ಕೃತ ಇದ್ದಂಗೆ ಅವ್ರಿಗೆ ಅದು."

"ಹಂಗಾರೆ ಮಂತ್ರನೇ. ಭಾನುವಾರ ಎಲ್ಲಾ ಹೋಗಣ."

ಕಲೆಗಾಗಿ ಕಲೆ ಎಂಬುದು ಆ ಮಂತ್ರದ ಅರ್ಥ. ಅದನ್ನು ಯಾರೂ ಕೇಳಲಿಲ್ಲ.

ಅಮೆರಿಕದಲ್ಲಿ ಹಳತಾದ ಚಿತ್ರ ಸಾಗರಕ್ಕೆ ಹೊಸತಾಗಿ ಬರುತ್ತಿದ್ದ ಕಾಲ. ಟಾಕೀಸಿನಲ್ಲಿ ಸಿಂಹ ಗರ್ಜಿಸಿದ್ದೇ ಮಾವ ಚಪ್ಪಲಿ ಬಿಟ್ಟು ಎದ್ದು ನಿಂತು ಕೈಮುಗಿದರು. ಮೊಕ್ತೇಸರರೇ ಕೈಮುಗಿದಮೇಲೆ ಹಿಂದಿನವರೂ ಮುಗಿದರು. ವಾಹನ ಹೋಯಿತು, ದೇವಿ ಬರಲಿಲ್ಲ. ಬದಲಿಗೆ ಒಂದು ಈಜುಕೊಳ ಬಂತು. ಅದರೊಳಗಿಂದ ತಲೆಗೆ ಕಿರೀಟವಿದ್ದು ಮೈಗೆ ಬಟ್ಟೆ ಸಾಲದ ಹೆಂಗಸರು ಸಾಲುಸಾಲಾಗಿ ಎದ್ದುಬಂದರು. ಹೊರಡೋಣವೆಂದರೆ ಕೈಮುಗಿದದ್ದನ್ನು ಜನ ನೋಡಿಯಾಗಿದೆ. ಕೂರೋಣವೆಂದರೆ ಮೊಕ್ತೇಸರಿಕೆ ಅಡ್ಡ. ಮಾವ ಅರ್ಧ ಎದ್ದರು. ಅತ್ತೆಯ ಮುಖ ಬಾಡಿತು. ಈಗ ಹೊರಟರೆ ಈ ಜನ್ಮಕ್ಕೆ ಇನ್ನು ಸಿನಿಮಾ ಇಲ್ಲವೆಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

"ನೀವು ಕಣ್ಣು ಮುಚ್ಕಂಡು ಕೂತ್ಕಳಿ," ಎಂದರು ಅತ್ತೆ, ಮೆಲ್ಲಗೆ. "ದೇವಿ ಬಂದ ಕೂಡ್ಲೆ ನಾ ಹೇಳ್ತೀನಿ."

ಧರ್ಮಸಂಕಟಕ್ಕೆ ಇಷ್ಟು ಅಗ್ಗದ ಪರಿಹಾರವನ್ನು ಯಾವ ಶಾಸ್ತ್ರಿಗಳೂ ಕೊಟ್ಟಿರಲಾರರು. ಮಾವ ಕೂತು ಕಣ್ಣು ಮುಚ್ಚಿದರು. ಬಲಗಣ್ಣು ಪೂರ್ತಿ ಮುಚ್ಚಿತ್ತು; ಆಚೆಗಿದ್ದ ಎಡಗಣ್ಣಿನ ಬಗ್ಗೆ ನಾನು ಸಾಕ್ಷಿ ಹೇಳಲಾರೆ. ಅತ್ತೆ ರೆಪ್ಪೆ ಬಡಿಯದೆ ನೋಡಿದರು. ಒಂದು ಮಾತೂ ಅರ್ಥವಾಗದಿದ್ದರೂ ನಕ್ಕರು, ಸೆರಗಿನಿಂದ ಕಣ್ಣೊರೆಸಿಕೊಂಡರು. ದರ್ಶನವೆಂದರೆ ಇದಕ್ಕಿಂತ ಬೇರೆ ಏನಿರುತ್ತದೆಂದು ನನಗಂತೂ ಇಂದಿಗೂ ತಿಳಿಯದು. ನನಗೆ ಬಹಳ ಸಂತೋಷವಾಗಿತ್ತು.

ದೀಪ ಹತ್ತಿತು.

"ಬಂದ್ಲಾ?" ಎಂದರು ಮಾವ, ಕಣ್ಣುಜ್ಜಿಕೊಳ್ಳುತ್ತ.

"ಬಂದ್ಲು. ನಿಮ್ಗೆ ಹೇಳಣ ಅಂತ ತಿರುಗೋದ್ರೊಳ್ಗೆ ಹೋಗೇ ಬಿಟ್ಲು," ಎಂದರು ಅತ್ತೆ. "ಮುಂದಿನ ಭಾನುವಾರ ಇನ್ನೊಂದ್ಸಲ ಬರ್ಬೇಕು."

ದೇವಿ ಬರಲೇ ಇಲ್ಲ ಎನ್ನಬೇಕಾದರೆ, ತಾನು ನೋಡುತ್ತಿದ್ದೆ ಎನ್ನಬೇಕು. ಮಾವ ಕಾಲಿನಲ್ಲೇ ತಡಕಾಡಿ ಚಪ್ಪಲಿ ಮೆಟ್ಟಿಕೊಂಡರು.

"ಹ್ಞೂಂ," ಎಂದರು. "ಬರಣ."