ಅಪಾಯದ ಸಾಲಿನಲ್ಲಿ ಯಾರೂ ಇಲ್ಲ

ಈನಾಕ್ ಸಗ್ಡನ್ ಮೂವತ್ತೊಂದು ವರ್ಷ ಕ್ಲೆಗ್‌ಡೆನ್ನಿನ ಜ್ವರದ ಆಸ್ಪತ್ರೆಯ ಗೇಟು ಕಾದ. ಒಂದು ದಿನವೂ ತಡವಾಗಿ ಬಂದವನಲ್ಲ. ಬರುವುದಕ್ಕೆ ದೂರವೇ ಇರಲಿಲ್ಲ ಅನ್ನಿ, ಗೇಟಿನ ಪಕ್ಕದ ಕಲ್ಲಿನ ಮನೆಯಲ್ಲೇ ಅವನ ವಾಸ. ನಾನು ಅದೇ ಆಸ್ಪತ್ರೆಯಲ್ಲಿ ಹತ್ತೊಂಬತ್ತು ವರ್ಷ ಬಟ್ಟೆ ಒಗೆದವಳು. ಅವನು ಒಳ್ಳೆಯವನು ಎಂದು ಊರೆಲ್ಲ ಹೇಳುತ್ತದೆ, ನಾನೂ ಹೇಳುತ್ತೇನೆ. ಆದರೆ ಒಳ್ಳೆಯತನದಿಂದಲೇ ಅವನು ಮಾಡಿದ ಒಂದು ಅನಾಹುತವಿದೆ. ಅದನ್ನು ಯಾರೂ ಹೇಳುವುದಿಲ್ಲವಾದ್ದರಿಂದ ನಾನೇ ಹೇಳಬೇಕಾಗಿದೆ.

ಜ್ವರದ ಆಸ್ಪತ್ರೆಗೆ ಮಗುವನ್ನು ಒಪ್ಪಿಸಿದರೆ ಆರು ವಾರ ಮುಖ ನೋಡುವಂತಿಲ್ಲ. ಸೋಂಕು. ತಾಯಿಗೆ ಕೊಡುವುದು ಒಂದು ನಂಬರು. ಅದೇ ನಂಬರಿನ ತಗಡಿನ ಬಿಲ್ಲೆಯನ್ನು ದಿನಾ ಸಂಜೆ ನಾಲ್ಕಕ್ಕೆ ಈನಾಕ್ ಗೇಟಿನ ಹಲಗೆಗೆ ತೂಗುಹಾಕುತ್ತಿದ್ದ. ಹಲಗೆಯಲ್ಲಿ ಮೂರು ಸಾಲು. ಮೇಲೆ ‘ಅಪಾಯ’, ನಡುವೆ ‘ಗಂಭೀರ’, ಕೆಳಗೆ ‘ಇಂಡಿಸ್ಪೋಸ್ಡ್’. ಮೇಲಿನ ಸಾಲಿಗೆ ಬಿಲ್ಲೆ ಹೋದರೆ ಮಾತ್ರ ತಾಯಿಯನ್ನು ಒಳಗೆ ಬಿಡುತ್ತಿದ್ದರು. ಯಾಕೆ ಎಂದು ಬಿಡಿಸಿ ಹೇಳಬೇಕಿಲ್ಲ.

ಕೆಳಗಿನ ಸಾಲಿನ ಆ ಪದವನ್ನು ಬರೆಸಿದವರು ಲಂಡನ್ನಿನ ಕಡೆಯಿಂದ ಬಂದ ಹೊಸ ಡಾಕ್ಟರು. ಅವರ ಕಡೆ ಅದಕ್ಕೆ ಸ್ವಲ್ಪ ಮೈ ಸರಿಯಿಲ್ಲ ಎಂದಷ್ಟೇ ಅರ್ಥವಂತೆ. ನಮ್ಮಲ್ಲಿ ಆ ಪದ ಗಿರಣಿ ಮಾಲೀಕರ ಹೆಂಡತಿಯೊಬ್ಬಳ ಸ್ವತ್ತಾಗಿತ್ತು. ಚರ್ಚಿನವರು ಚಂದಾ ಕೇಳಲು ಹೋದರೆ ಕೆಲಸದವಳು ಬಾಗಿಲಲ್ಲಿ ನಿಂತು, "ಅಮ್ಮಾವ್ರು ಇಂಡಿಸ್ಪೋಸ್ಡ್" ಎನ್ನುತ್ತಿದ್ದಳು. ಅವಳ ಬೆನ್ನ ಹಿಂದೆ ಅಮ್ಮಾವ್ರು ಪಿಯಾನೋ ನುಡಿಸುವುದು ಬೀದಿಯವರೆಗೆ ಕೇಳುತ್ತಿತ್ತು. ಹಾಗಾಗಿ ನಮ್ಮೂರಿನಲ್ಲಿ ಅದಕ್ಕೆ ‘ಮನಸ್ಸಿಲ್ಲ’ ಎಂಬ ಅರ್ಥವೇ ಗಟ್ಟಿಯಾಗಿ ಕೂತಿತ್ತು. ಶನಿವಾರ ಜೊತೆಗೆ ಬರ್ತೀಯಾ ಎಂದು ಹುಡುಗರು ಕೇಳಿದರೆ ಮಗ್ಗದ ಹುಡುಗಿಯರು, "ಇಲ್ಲಪ್ಪ, ನಾನು ಇಂಡಿಸ್ಪೋಸ್ಡು" ಎಂದು ಮೂಗು ಮುರಿಯುತ್ತಿದ್ದರು.

ಹೊಸ ಹಲಗೆ ಬಂದ ಮೊದಲ ವಾರ ಗೇಟಿನಲ್ಲಿ ನಗುವೋ ನಗು.

"ನಮ್ ಜೋ ಇಂಡಿಸ್ಪೋಸ್ಡಂತೆ ಕಣ್ರೇ! ಸ್ಕೂಲ್ ಅಂದ್ರೆ ಅವ್ನು ಹುಟ್ಟಿದಾಗಿಂದ್ಲೂ ಇಂಡಿಸ್ಪೋಸ್ಡೇ!"

ಮೂರನೇ ವಾರ ಡಾಕ್ಟರ ಪಟ್ಟಿಯಲ್ಲಿ ಒಂದು ನಂಬರಿಗೆ ಕೆಂಪು ಗೆರೆ ಬಂತು, ಅಂದರೆ ಅಪಾಯ. ಆ ಮಗುವಿನ ತಾಯಿ ಇನ್ನೊಂದನ್ನು ಸೊಂಟದಲ್ಲಿಟ್ಟುಕೊಂಡು ಮುಂದೆಯೇ ನಿಂತಿದ್ದಳು. ಈನಾಕನ ಕೈ ಮೇಲಿನ ಸಾಲಿಗೆ ಹೋಯಿತು, ನಿಂತಿತು, ಕೆಳಗೆ ಬಂತು. ಬಿಲ್ಲೆಯನ್ನು ಕೆಳಗಿನ ಸಾಲಿಗೇ ಹಾಕಿ, ತನ್ನ ಮನೆಯ ಪುಟ್ಟ ಬಾಗಿಲು ತೆಗೆದ.

"ಏನಿಲ್ಲ ಕಣಮ್ಮ, ಸ್ವಲ್ಪ ಇಂಡಿಸ್ಪೋಸ್ಡ್, ಅಷ್ಟೇ. ಒಳಗ್ ಬಾ, ಒಂದ್ ಲೋಟ ಟೀ ಕುಡಿ."

ಟೀ ಕುಡಿದಾದ ಮೇಲೆ ವಿಷಯ ಹೇಳಿ, ನಿಲುವಂಗಿ ತೊಡಿಸಿ, ವಾರ್ಡಿಗೆ ಕಳಿಸಿದ. ಬೀದಿಯಲ್ಲಿ ಹತ್ತು ಜನರೆದುರು ಕುಸಿಯುವುದಕ್ಕಿಂತ ಕುರ್ಚಿಯಲ್ಲಿ ಕುಸಿಯುವುದು ಮೇಲು ಎಂಬುದು ಅವನ ಲೆಕ್ಕ. ಆಗ ನನಗೂ ಅದೇ ಸರಿ ಅನ್ನಿಸಿತ್ತು, ಸುಳ್ಳು ಯಾಕೆ ಹೇಳಲಿ. ಅಲ್ಲಿಂದ ಮುಂದೆ ಅವನು ಕೆಂಪು ಗೆರೆಯವರನ್ನೆಲ್ಲ ಕೆಳಗಿನ ಸಾಲಿಗೇ ಹಾಕಿದ. ಎಲ್ಲರಿಗೂ ಅದೇ ಮಾತು, ಅದೇ ಟೀ.

ಊರು ದಡ್ಡ ಅಲ್ಲ. ವರ್ಷ ತುಂಬುವುದರೊಳಗೆ ಎಲ್ಲರಿಗೂ ತಿಳಿಯಿತು. ಮೇಲಿನ ಸಾಲು ಸದಾ ಖಾಲಿ. ಕೆಳಗಿನ ಸಾಲಿನಲ್ಲಿ ನೆಗಡಿಯಷ್ಟು ಆದವರೂ ಇದ್ದಾರೆ, ಸಾಯುವವರೂ ಇದ್ದಾರೆ. ಸಾಯುವುದಿಲ್ಲ ಎಂದು ಗ್ಯಾರಂಟಿ ಇದ್ದದ್ದು ನಡುವಿನ ಸಾಲಿಗೆ ಮಾತ್ರ. "ದೇವ್ರು ದೊಡ್ಡೋನು, ಬರೀ ಗಂಭೀರ" ಎಂದು ಹೆಂಗಸರು ಕಣ್ಣೊರೆಸಿಕೊಂಡು ಆಲೂಗಡ್ಡೆ ಬೇಯಿಸಲು ಮನೆಗೆ ಹೋಗುತ್ತಿದ್ದರು. ಕೆಳಗಿನ ಸಾಲಿನ ತಾಯಂದಿರು ಮಾತ್ರ ಆ ಪುಟ್ಟ ಬಾಗಿಲನ್ನೇ ನೋಡುತ್ತ, ಉಸಿರು ಬಿಗಿಹಿಡಿದು ನಿಂತಿರುತ್ತಿದ್ದರು. ಡಾಕ್ಟರಿಗೆ ಇದೊಂದೂ ಗೊತ್ತಿಲ್ಲ. ಅವರ ಕಾರು ಹಿಂದಿನ ರಸ್ತೆಯಿಂದ ಬರುತ್ತಿತ್ತು.

ಮಗ್ಗದ ಹುಡುಗಿಯರು ಆ ಪದವನ್ನು ಬಾಯಲ್ಲಿ ಆಡುವುದನ್ನು ಬಿಟ್ಟರು. ಮಾಲೀಕರ ಮನೆಯ ಕೆಲಸದವಳು ಒಂದು ದಿನ ಹಳೇ ಅಭ್ಯಾಸದಲ್ಲಿ "ಅಮ್ಮಾವ್ರು ಇಂಡಿಸ್ಪೋಸ್ಡ್" ಅಂದಾಗ ಚರ್ಚಿನ ಇಬ್ಬರು ಹಿರಿಯರು ಅಲ್ಲೇ ಟೋಪಿ ತೆಗೆದು ತಲೆ ತಗ್ಗಿಸಿದರು. ಒಳಗೆ ಪಿಯಾನೋ ನಿಂತಿರಲಿಲ್ಲ.

ಈನಾಕನ ಒಬ್ಬಳೇ ಮಗಳು ಲೆಟ್ಟಿ. ಅವಳ ಮೊದಲ ಮಗ ಬೆನ್ ನಾಲ್ಕು ವರ್ಷದವನಾಗಿದ್ದಾಗ ಗಂಟಲಮಾರಿಯಾಗಿ ಒಳಗೆ ಬಂದ. ಕೆಂಪು ಗೆರೆ ಬಿದ್ದ ದಿನ ಈನಾಕ್ ಸ್ವಂತ ಮಗಳಿಗೂ ಪುಟ್ಟ ಬಾಗಿಲು ತೆಗೆದು, ಏನಿಲ್ಲ, ಸ್ವಲ್ಪ ಇಂಡಿಸ್ಪೋಸ್ಡ್ ಅಂದ. ಮಗು ಹೋಯಿತು. ಒಂದು ವರ್ಷ ಅವಳು ಅಪ್ಪನ ಮುಖ ನೋಡಲಿಲ್ಲ.

ಅದಾಗಿ ಮೂರು ವರ್ಷಕ್ಕೆ ಅವಳ ಮಗಳು ಆಲ್ಮಾಗೆ ಕೆಂಪುಜ್ವರ ಬಂತು. ನಂಬರು ನಲವತ್ತೊಂದು. ಅವಳಿಗೆ ಆಗಿದ್ದದ್ದು ನಿಜಕ್ಕೂ ಅಷ್ಟೇನಲ್ಲ. ಹಾಸಿಗೆಯ ಮೇಲೆ ಕುಣಿದು ನರ್ಸಮ್ಮನ ಕೈಲಿ ಬೈಸಿಕೊಳ್ಳುತ್ತಿದ್ದಳು. ಅವಳ ಹೊದಿಕೆ ಒಗೆದವಳು ನಾನೇ, ನನಗೆ ಗೊತ್ತು.

ಲೆಟ್ಟಿ ಗೇಟಿನ ಕಂಬಿ ಹಿಡಿದು ನಿಂತಿದ್ದಳು. ಈನಾಕ್ ನಲವತ್ತೊಂದನ್ನು ಅದು ಇರಬೇಕಾದ ಕೆಳಗಿನ ಸಾಲಿಗೆ ಹಾಕಿದ. ಅವಳ ಮುಖ ಸುಣ್ಣದಂತಾಯಿತು.

"ಲೆಟ್ಟಿ, ನಿಜವಾಗ್ಲೂ ಏನಿಲ್ಲ ಕಣೇ."

"ಬೆನ್‌ಗೂ ಇದನ್ನೇ ಅಂದಿದ್ದೆ ನೀನು. ಬಾಗ್ಲು ತೆಗಿ."

"ತೆಗ್ಯೋ ಅಂಥದ್ದೇನೂ ಆಗಿಲ್ಲ. ಮಗು ಆಡ್ಕೊಂಡಿದೆ. ದೇವ್ರಾಣೆ!"

"ನಿನ್ನ ಆಣೆ ಯಾರಿಗ್ ಬೇಕು? ಬಾಗ್ಲು ತೆಗಿ ಅಂದ್ರೆ!"

ಅವಳು ಒದ್ದೆ ಕಲ್ಲಿನ ಮೇಲೆ ಕೂತುಬಿಟ್ಟಳು. ಮೂರು ದಿನ ಅವಳ ಹೊಟ್ಟೆಗೆ ಏನೂ ಹೋಗಲಿಲ್ಲ, ಗಿರಣಿಗೂ ಹೋಗಲಿಲ್ಲ. ಕೆಲಸದ ನಿಯಮದಂತೆ ಈನಾಕ್ ಗೇಟಿನಿಂದಾಚೆ ಬರುವಂತಿರಲಿಲ್ಲ, ಬಂದಿದ್ದರೂ ಹೊಸದಾಗಿ ಹೇಳುವುದಕ್ಕೆ ಅವನ ಹತ್ತಿರ ಮಾತು ಉಳಿದಿರಲಿಲ್ಲ. ನಾಲ್ಕನೆಯ ದಿನ ಅವನು ನಲವತ್ತೊಂದನ್ನು ತೆಗೆದು ‘ಗಂಭೀರ’ದ ಸಾಲಿಗೆ ಹಾಕಿದ.

ಲೆಟ್ಟಿ ಎದೆಯ ಮೇಲೆ ಕೈಯಿಟ್ಟು ಉಸಿರು ಬಿಟ್ಟಳು. ಆ ದಿನ ಮನೆಗೆ ಹೋಗಿ ಎರಡು ತಟ್ಟೆ ಊಟ ಮಾಡಿದಳಂತೆ. ಈನಾಕ್ ಒಳಗೆ ಬಂದು ನನ್ನೆದುರು ಹಲ್ಲು ಬಿಟ್ಟ.

"ಮೊಮ್ಮಗಳನ್ನ ಗಂಭೀರ ಮಾಡಿ ನಗ್ತೀಯಲ್ಲೋ, ನಾಚ್ಕೆ ಆಗಲ್ವಾ?" ಎಂದೆ.

"ಊಟ ಮಾಡ್ಲಿ ಬಿಡು," ಅಂದ.

ನನ್ನ ನಾಲಿಗೆ ಸುಮ್ಮನಿರುವುದಿಲ್ಲ. ಮರುದಿನ ಬೆಳಗಿನ ಗಿರಣಿ ಸಿಳ್ಳೆಯ ಹೊತ್ತಿಗೆ ಊರಿಗೆಲ್ಲ ಸುದ್ದಿ ತಲುಪಿತ್ತು. ತಪ್ಪು ನನ್ನದೇ.

ನಾಲ್ಕು ಗಂಟೆಗೆ ಗೇಟಿನ ಮುಂದೆ ಜಾತ್ರೆ. ಲೆಟ್ಟಿಯೂ ಇದ್ದಳು.

"ನಿನ್ ಮೊಮ್ಮಗಳನ್ನ ನಡುವಕ್ ಹಾಕಿದೀಯಂತೆ. ನನ್ ಮಗಳೇನ್ ಪಾಪ ಮಾಡಿದ್ಲು? ಹನ್ನೆರಡನ್ನೂ ಹಾಕು!"

"ನಮ್ದೂ ಗಂಭೀರ ಮಾಡೋ, ಪುಣ್ಯ ಬರುತ್ತೆ!"

"ಮುವತ್ನಾಲ್ಕು! ಏಯ್, ಮುವತ್ನಾಲ್ಕು ಮರೀಬೇಡ!"

ಅವನು ಒಂದೊಂದಾಗಿ ಹಾಕಿದ. ಹೆದರಿದ ಹೆಂಗಸರ ಗುಂಪಿಗೆ ಇಲ್ಲ ಎನ್ನುವ ಗಂಡಸಲ್ಲ ಅವನು. ಕೆಳಗಿನ ಸಾಲು ಬರಿದಾಯಿತು, ನಡುವಿನ ಸಾಲಿನಲ್ಲಿ ಒಂದು ಮೊಳೆಗೆ ಎರಡೆರಡು ಬಿಲ್ಲೆ. ಎಲ್ಲರಿಗೂ ಸಮಾಧಾನ, ಲೆಟ್ಟಿಯೊಬ್ಬಳನ್ನು ಬಿಟ್ಟು. ಅವಳಿಗೆ ಈಗ ಅರ್ಥವಾಗಿತ್ತು.

"ಹಾಗಾದ್ರೆ ಗಂಭೀರ ಅನ್ನೋದೂ ಸುಳ್ಳಾ?" ಎಂದಳು. "ಯಾವ್ದನ್ನ ನಂಬ್ಲಿ ಅಪ್ಪ ನಾನು?"

ಅವನ ಕೈಯಲ್ಲಿ ಇನ್ನೂ ಒಂದು ಬಿಲ್ಲೆ ಇತ್ತು. ಇಪ್ಪತ್ತೇಳು. ಅದು ಹ್ಯಾನಾ ಕ್ರಾಬ್‌ಟ್ರೀಯ ಮಗ ವಿಲ್ಫನದು. ಹ್ಯಾನಾ ಗಂಡ ಸತ್ತವಳು, ಒಬ್ಬನೇ ಮಗ. ಆ ದಿನದ ಪಟ್ಟಿಯಲ್ಲಿ ಅವನಿಗೆ ಕೆಂಪು ಗೆರೆ ಇತ್ತು.

"ನಂದೂ ನಡುವಕ್ಕೇ ಹಾಕ್ಬಿಡು ಈನಾಕ್," ಎಂದಳು ಹ್ಯಾನಾ.

ಅವನು ಬಿಲ್ಲೆ ಎತ್ತಿದ. ಹ್ಯಾನಾಳನ್ನು ನೋಡಿದ, ಮಗಳನ್ನು ನೋಡಿದ. ಆಮೇಲೆ ಸ್ಟೂಲು ತಂದು ಹತ್ತಿ ಅದನ್ನು ಮೇಲಿನ ಸಾಲಿಗೆ ಹಾಕಿದ. ಮೊಳೆಗೆ ತುಕ್ಕು ಹಿಡಿದಿತ್ತು, ಬಿಲ್ಲೆ ಕೂರಲಿಲ್ಲ. ಅಂಗೈಯಿಂದ ಎರಡು ಸಲ ಗುದ್ದಬೇಕಾಯಿತು. ಇಳಿದವನು ಪುಟ್ಟ ಬಾಗಿಲ ಕಡೆ ಹೋಗದೆ ದೊಡ್ಡ ಗೇಟನ್ನೇ ತೆಗೆದು ಬೀದಿಗೆ ಬಂದ.

"ಹ್ಯಾನಾ, ವಿಲ್ಫ್ ಉಳಿಯೋದು ಕಷ್ಟ. ಈಗ್ಲೇ ಹೋಗು."

ಅವಳು ಬೀಳಲಿಲ್ಲ. ಹನ್ನೊಂದು ವರ್ಷದಿಂದ ಎಲ್ಲರೂ ಬಿದ್ದುಬಿಡುತ್ತಾರೆ ಎಂದು ಅವನು ಹೆದರಿದ್ದ. "ಯಾವ ವಾರ್ಡು?" ಎಂದು ಕೇಳಿದಳು. ಅವನು ಹೇಳಿದ. ಅವಳು ಶಾಲನ್ನು ಬಿಗಿಮಾಡಿಕೊಂಡು ಓಡಿದಳು. ಬೆಳಗಿನ ಜಾವ ವಿಲ್ಫ್ ತೀರಿಕೊಂಡಾಗ ಅವನ ಕೈ ಅವಳ ಕೈಯಲ್ಲಿತ್ತು.

ಅತ್ತ ಹ್ಯಾನಾ ಓಡಿದ ಬೆನ್ನಿಗೇ ಇತ್ತ ಈನಾಕ್ ಹಲಗೆಯ ಹತ್ತಿರ ಹೋಗಿ ನಲವತ್ತೊಂದನ್ನು ತೆಗೆದು ಕೆಳಗಿನ ಸಾಲಿಗೆ ತಂದು ಹಾಕಿದ. ಈ ಸಲ ಆಣೆ ಇಡಲಿಲ್ಲ.

ಲೆಟ್ಟಿ ಮೇಲಿನ ಸಾಲಿನ ಇಪ್ಪತ್ತೇಳನ್ನು ನೋಡಿದಳು. ಆಮೇಲೆ ಕೆಳಗಿನ ನಲವತ್ತೊಂದನ್ನು.

"ಮನೆಗೆ ಯಾವತ್ತು ಕಳಿಸ್ತಾರೆ?" ಎಂದು ಕೇಳಿದಳು.